ಮ್ಯಾನೇಜರ್ ಸಾಹೇಬರೇ, ನೀವೂ ಆಟಕ್ಕೆ ಬನ್ನಿ

ಕಂಪನಿಗಳಿಗೆ ಹೋಗಿ ಇಂಪ್ರೊ ಆಟ ಆಡಿಸುವುದು ನನ್ನ ಕೆಲಸ. ಬರೆದ ಮಾತಿಲ್ಲದೆ, ಅಲ್ಲೇ ಹುಟ್ಟಿಸಿಕೊಂಡು ಆಡುವ ನಾಟಕ. ಎಚ್‌ಆರ್‌ನವರು ಫೋನ್ ಮಾಡಿದಾಗ ಕೊನೆಗೆ ಒಂದು ಮಾತು ಬಂದೇ ಬರುತ್ತದೆ: "ಸರ್, ಯಾರ್ಯಾರು ಕ್ರಿಯೇಟಿವ್ ಅಂತ ಆಮೇಲೊಂದು ಚಿಕ್ಕ ರಿಪೋರ್ಟ್ ಕೊಡ್ತೀರಲ್ವಾ?"

ಕೊಡಲ್ಲ. ಈ ಆಟಗಳಲ್ಲಿ ಹಲವು ಅಮೆರಿಕದ ರಂಗಶಿಕ್ಷಕಿ ವಿಯೋಲಾ ಸ್ಪೋಲಿನ್ ಅವರಿಂದ ಬಂದವು. 1930ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ವಲಸೆ ಬಂದವರ ಮಕ್ಕಳ ಜೊತೆ ಆಡಿಸುತ್ತಾ ಅವರು ಕಟ್ಟಿದ್ದು. ಆಕೆಗೆ ಬೇಗ ಕಂಡ ತೊಡಕು ಒಂದೇ. ಶಭಾಷ್ ಅನ್ನಿಸಿಕೊಳ್ಳಬೇಕು, ಬೈಸಿಕೊಳ್ಳಬಾರದು ಅಂತ ಕಾಯುವವರು ಆಟ ಆಡುವುದಿಲ್ಲ, ಪರೀಕ್ಷೆ ಬರೆಯುತ್ತಾರೆ. ಹಿಂದೆ ಒಬ್ಬರು ಕೂತು ಅಂಕ ಹಾಕುತ್ತಿದ್ದರೆ ಬಾಯಿಗೆ ಮೊದಲು ಬಂದ ಮಾತು ಅಲ್ಲೇ ನಿಲ್ಲುತ್ತದೆ. ಎರಡನೆಯದು, ಮೂರನೆಯದು, ಸೋಸಿದ್ದು ಮಾತ್ರ ಹೊರಗೆ ಬರುತ್ತದೆ. ಸೋಸಿದ ಮಾತು ಮೀಟಿಂಗಿನಲ್ಲಿ ದಿನಾ ಸಿಗುತ್ತದಲ್ಲ, ಅದಕ್ಕೆ ನನ್ನನ್ನು ಯಾಕೆ ಕರೆಯಬೇಕು?

ಅಂಕ ಹಾಕುವವರು ಅಂದರೆ ಪೆನ್ನು ಹಿಡಿದವರೇ ಆಗಬೇಕಿಲ್ಲ. "ನೀವು ಆಡಿ, ನಾನು ಸುಮ್ನೆ ನೋಡ್ತೀನಿ" ಅಂತ ಲ್ಯಾಪ್‌ಟಾಪ್ ತೆರೆದು ಮೂಲೆಯಲ್ಲಿ ಕೂರುವ ಮ್ಯಾನೇಜರ್ ಸಾಕು. ಇಲ್ಲೇ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಒಬ್ಬೊಬ್ಬರು ಒಂದೊಂದು ಪದ ಸೇರಿಸಿ ಕತೆ ಕಟ್ಟುವ ಆಟ ನಡೆದಿತ್ತು. ಪ್ರತಿಯೊಬ್ಬರೂ ಪದ ಹೇಳುವ ಮೊದಲು ಮೂಲೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಕತೆ "ಗ್ರಾಹಕರ ತೃಪ್ತಿ"ಗೆ ಬಂದು ಮುಟ್ಟಿತು! ದೆವ್ವದ ಕತೆ ಕಣ್ರೀ ಅದು.

ಆಮೇಲೆ ಆ ಮನುಷ್ಯನನ್ನು ಎಳೆದು ತಂದೆ. ಇಂಪ್ರೊ ಕಲಿಸಿದ ಇನ್ನೊಬ್ಬ ದೊಡ್ಡ ಗುರು ಕೀತ್ ಜಾನ್‌ಸ್ಟೋನ್ ಅವರ ಆಟಗಳಲ್ಲಿ ಅಂತಸ್ತು ಅದಲುಬದಲು ಮಾಡುವುದೊಂದು ಇದೆ. ಮ್ಯಾನೇಜರ್ ಹೊಸದಾಗಿ ಸೇರಿದ ಹುಡುಗ, ತಂಡದಲ್ಲೇ ಕಿರಿಯಳಾದ ಟೆಸ್ಟರ್ ಹುಡುಗಿ ಅವರ ಬಾಸ್. ಆಕೆ ಕುರ್ಚಿಗೆ ಒರಗಿ, "ಈ ರಿಪೋರ್ಟ್ ಯಾರು ಓದ್ತಾರೆ ಹೇಳಪ್ಪಾ?" ಅಂದಳು. ಆತ ತಡವರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಆತನೂ ನಕ್ಕರು. ಒಳ್ಳೆಯ ಮನುಷ್ಯ, ಭಯವಿತ್ತು ಅಷ್ಟೇ. ತಂಡದ ಆ ರಿಪೋರ್ಟ್ ನಿಜಕ್ಕೂ ಯಾರೂ ಓದುತ್ತಿರಲಿಲ್ಲ ಅಂತ ಊಟದ ಹೊತ್ತಿಗೆ ಗೊತ್ತಾಯಿತು.

ತಾಳಮದ್ದಳೆ ಕೇಳಿ ಬೆಳೆದ ಕರಾವಳಿ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಕೌರವನ ಅರ್ಥ ಹಿರಿಯರದ್ದು, ಕೃಷ್ಣನದ್ದು ಅವರ ಶಿಷ್ಯನದ್ದೇ ಇರಬಹುದು. ಕೂತ ಮೇಲೆ ಕೃಷ್ಣ ಕೃಷ್ಣನೇ. ಗುರುಗಳು ಎದುರಿಗಿದ್ದಾರೆ ಅಂತ ಮಾತು ನುಂಗಿದರೆ ಪ್ರಸಂಗವೇ ಕೆಡುತ್ತದೆ.

ಒಂದು ದಿನದ ಆಟದಿಂದ ಹೊಸ ಪ್ರಾಡಕ್ಟ್ ಹುಟ್ಟುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಅದು ಸೋಮವಾರದ ಮೀಟಿಂಗಿನಲ್ಲಿ ಕಿರಿಯರು ಬಾಯಿ ಬಿಟ್ಟಾಗ ಬಾಸ್ ಏನು ಮಾಡುತ್ತಾರೆ ಅನ್ನುವುದರ ಮೇಲೆ ಜಾಸ್ತಿ ನಿಂತಿದೆ. ನಾಚಿಕೆ ಸ್ವಭಾವದವರನ್ನು ಬಲವಂತವಾಗಿ ಮುಂದೆ ತಳ್ಳುವುದೂ ಬೇಡ, ನೋಡುತ್ತಾ ಕೂತು ಆಮೇಲೆ ಬರಲಿ. ಈ ರಿಯಾಯಿತಿ ಮ್ಯಾನೇಜರ್‌ಗಳಿಗಿಲ್ಲ.

ಈಗ ಒಪ್ಪಂದದಲ್ಲೇ ಬರೆದುಬಿಡುತ್ತೇನೆ: ರಿಪೋರ್ಟ್ ಇಲ್ಲ, ವಿಡಿಯೊ ಇಲ್ಲ, ಕೋಣೆಯ ಅತಿ ಹಿರಿಯರು ಮೊದಲ ಆಟದಲ್ಲೇ ಇರಬೇಕು. ಕೆಲವರು ಅದನ್ನು ಓದಿ ಮತ್ತೆ ಫೋನ್ ಮಾಡುವುದಿಲ್ಲ. ಕೆಲಸದಿಂದ ತೆಗೆಯುತ್ತಾರಂತೆ ಅನ್ನುವ ಸುದ್ದಿ ಓಡಾಡುತ್ತಿರುವ ಆಫೀಸಿಗಂತೂ ನಾನೇ ಹೋಗುವುದಿಲ್ಲ.