ಗ್ಯಾಸ್ ತುಂಬಿಸುವ ಮೊದಲು ಧೂಳು ತೆಗೆಸಿ

ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ವಿಜಯಪುರದ ಸುತ್ತಮುತ್ತ ಬಿಳಿಜೋಳದ ರಾಶಿ ನಡೆಯುವಾಗ ಏಳುವ ಹೊಟ್ಟು ಮತ್ತು ಎರೆಮಣ್ಣಿನ ನುಣುಪಾದ ಧೂಳು ಗಾಳಿಯೊಂದಿಗೆ ಊರೊಳಗೂ ಬಂದು, ತಿಂಗಳುಗಟ್ಟಲೆ ನಿಂತಿದ್ದ ಏಸಿಯ ಔಟ್‌ಡೋರ್ ಯೂನಿಟ್ ಮೇಲೆ ಕೂರುತ್ತದೆ. ಆದ್ದರಿಂದ ಬೇಸಿಗೆಯ ಸರ್ವಿಸನ್ನು ಸುಗ್ಗಿ ಮುಗಿಯುತ್ತ ಬಂದಾಗ, ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಮಾಡಿಸುವುದೇ ಸರಿ. ಯುಗಾದಿ ದಾಟಿತೆಂದರೆ ಮೆಕ್ಯಾನಿಕ್‌ಗಳಿಗೆ ಬಿಡುವಿರುವುದಿಲ್ಲ. ಅವಸರದಲ್ಲಿ ಕೆಲಸ ಅರ್ಧಂಬರ್ಧವಾಗುತ್ತದೆ.

"ತಂಪ ಬರವಲ್ದು, ಗ್ಯಾಸ್ ಹಾಕಿಕೊಡ್ರಿ" ಎಂದೇ ಹೆಚ್ಚಿನವರು ಫೋನ್ ಮಾಡುತ್ತಾರೆ. ಆದರೆ ಕೋಣೆಯ ಶಾಖವನ್ನು ಹೊರಗೆ ಹೊತ್ತೊಯ್ಯುವ ಈ ಗ್ಯಾಸ್ ಗಾಡಿಯ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ತಾಮ್ರದ ಕೊಳವೆಗಳಲ್ಲಿ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಕೊಳವೆ ಕೂಡುವ ಹಿತ್ತಾಳೆಯ ನಟ್‌ಗಳ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಅಲ್ಲಿ ಸಾಬೂನಿನ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಅದನ್ನು ಮುಚ್ಚದೆ ಗ್ಯಾಸ್ ತುಂಬಿಸಿದರೆ ಹಣ ವ್ಯರ್ಥ. ದುರಸ್ತಿಯ ನಂತರ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ ತೆಗೆದು, ಯೂನಿಟ್‌ನ ಪಟ್ಟಿಯ ಮೇಲೆ ಬರೆದಷ್ಟೇ ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಈಗಿನ ಬಹಳಷ್ಟು ಏಸಿಗಳಲ್ಲಿರುವ ಆರ್-32 ಬೆಂಕಿ ಹತ್ತಬಲ್ಲ ಗ್ಯಾಸ್ ಆದುದರಿಂದ ತರಬೇತಿ ಇಲ್ಲದವರ ಕೈಗೆ ಆ ಕೆಲಸ ಕೊಡಬೇಡಿ.

ನಮ್ಮ ಭಾಗದಲ್ಲಿ ಗ್ಯಾಸಿಗಿಂತ ಮೊದಲು ನೋಡಬೇಕಾದದ್ದು ಔಟ್‌ಡೋರ್ ಯೂನಿಟ್. ಏಸಿಯ ಟನ್ ಲೆಕ್ಕ, ಅಂದರೆ ತಂಪು ಮಾಡುವ ಸಾಮರ್ಥ್ಯ, ಹೊರಗೆ 35 ಡಿಗ್ರಿ ಇದ್ದಾಗಿನದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಹೀಗೆ ಮೊದಲೇ ಕುಂದಿದ ಸಾಮರ್ಥ್ಯಕ್ಕೆ ಧೂಳಿನ ಪದರವೂ ಸೇರಿದರೆ ಕೋಣೆಯಿಂದ ತೆಗೆದ ಶಾಖವನ್ನು ಹೊರಹಾಕಲು ದಾರಿಯಿಲ್ಲದೆ ಕಂಪ್ರೆಸರ್ ಕಾದು ನಿಂತುಬಿಡುತ್ತದೆ. ರಾತ್ರಿ ಚೆನ್ನಾಗಿ ತಂಪು ಕೊಟ್ಟು ಮಧ್ಯಾಹ್ನ ಮೂರಕ್ಕೆ ಕೈಕೊಡುವ ಏಸಿಯಲ್ಲಿ ಮೊದಲು ಧೂಳನ್ನೇ ಸಂಶಯಿಸಬೇಕು.

ಎರೆಮಣ್ಣಿನ ಧೂಳಿಗೆ ನೇರವಾಗಿ ನೀರು ಬಿದ್ದರೆ ಅದು ರಾಡಿಯಾಗಿ ಶಾಖ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳ (ಫಿನ್) ಸಂದಿಯಲ್ಲಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಮೇನ್ ಬಂದ್ ಮಾಡಿ, ಮೊದಲು ಬ್ಲೋವರ್‌ನಿಂದ ಒಣ ಧೂಳು ಹಾರಿಸಿ, ನಂತರವೇ ಸಣ್ಣ ಧಾರೆಯಿಂದ ಒಳಗಿನಿಂದ ಹೊರಕ್ಕೆ ತೊಳೆಯಬೇಕು. ಜೋರಿನ ಧಾರೆಗೆ ಆ ತೆಳು ರೆಕ್ಕೆಗಳು ಮಡಚಿಹೋಗುತ್ತವೆ. ಗಡಸು ಬೋರ್‌ವೆಲ್ ನೀರು ಒಣಗಿದ ಮೇಲೆ ಬಿಳಿ ಸುಣ್ಣದ ಪದರ ಬಿಡುವುದರಿಂದ, ಸಾಧ್ಯವಿದ್ದರೆ ಕೊನೆಯ ಬಾರಿಗೆ ಸಿಹಿನೀರು ಹಾಕಿಸಿ. ಪಡುವಣ ಗೋಡೆಯ ಯೂನಿಟ್‌ಗೆ ನೆರಳು ಬೇಕೆಂದು ತಗಡಿನಿಂದ ಸುತ್ತ ಮುಚ್ಚುವವರಿದ್ದಾರೆ. ಬಿಸಿಗಾಳಿ ಅಲ್ಲಿಯೇ ಸುತ್ತಿ ತೊಂದರೆ ಹೆಚ್ಚುತ್ತದೆ. ನೆರಳು ಮೇಲಿನಿಂದ ಸಾಕು.

ಒಳಗಿನ ಫಿಲ್ಟರನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮನೆಯವರೇ ತೊಳೆಯಬಹುದು. ಡ್ರೇನ್ ಪೈಪಿಗೆ ಒಂದು ತಂಬಿಗೆ ನೀರು ಸುರಿದು ಸರಾಗವಾಗಿ ಹೊರಬರುವುದೇ ನೋಡಿ. ಪ್ಲಗ್ ಕಪ್ಪಾಗಿದ್ದರೆ ಏಸಿ ಹಚ್ಚುವ ಮೊದಲೇ ಬದಲಿಸಿ, ಅರ್ಥಿಂಗ್ ಪರೀಕ್ಷಿಸಿಕೊಳ್ಳಿ. 18ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂಬುದು ತಪ್ಪು ನಂಬಿಕೆ. 24 ಡಿಗ್ರಿಗೆ ಇಟ್ಟು ಫ್ಯಾನ್ ಹಚ್ಚಿಕೊಂಡರೆ ವಿದ್ಯುತ್ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಸರ್ವಿಸ್ ಮುಗಿದ ಮೇಲೆ ಮೆಕ್ಯಾನಿಕ್ ಎದುರಿಗೇ ಅರ್ಧ ತಾಸು ಏಸಿ ಓಡಿಸಿ, ಒಳಕ್ಕೆ ಎಳೆಯುವ ಗಾಳಿಗೂ ಹೊರಕ್ಕೆ ಬಿಡುವ ಗಾಳಿಗೂ ಸುಮಾರು 10 ಡಿಗ್ರಿ ಅಂತರವಿದೆಯೇ ಎಂದು ಥರ್ಮಾಮೀಟರ್ ಹಿಡಿದು ತೋರಿಸಲು ಕೇಳಿ, ಆ ಬಳಿಕವೇ ಹಣ ಕೊಡಿ.