ಗೂಟ ಹೊಡೆಯುವ ಮುನ್ನವೇ ಬನ್ನಿ

ರಸ್ತೆ ಅಗಲ ಮಾಡುತ್ತಾರಂತೆ, ಮನೆ ಮುಂದಿನ ಮರ ಹೋಗುತ್ತಂತೆ ಎಂದರೆ ಸಭೆಗೆ ಹಾಲ್ ತುಂಬ ಜನ. ಇನ್ನು 20 ವರ್ಷಕ್ಕೆ ರಾಜ್ಯದ ಓಡಾಟ ಹೇಗಿರಬೇಕು ಹೇಳಿ ಎಂದು ಕರೆದರೆ ಅರ್ಧ ಕುರ್ಚಿ ಖಾಲಿ. ಅಮೆರಿಕದ ಮಿನ್ನೆಸೋಟಾದಲ್ಲಿ ಸಾರಿಗೆ ಯೋಜನೆಯ ಕೆಲಸ ಮಾಡುವ ನನಗೆ ಇದೇ ದೊಡ್ಡ ಚಿಂತೆ. ಸರ್ವೆಯವರು ಗೂಟ ಹೊಡೆಯುವ ಹೊತ್ತಿಗೆ ಮುಖ್ಯ ತೀರ್ಮಾನಗಳೆಲ್ಲ ಮುಗಿದಿರುತ್ತವೆ. ಆಮೇಲೆ ಜನರಿಗೆ ಉಳಿಯುವುದು ಬೇಡ ಎನ್ನುವ ದಾರಿಯೊಂದೇ. 2016ರಲ್ಲಿ ಬೆಂಗಳೂರಿನ ಸ್ಟೀಲ್ ಬ್ರಿಡ್ಜ್ ವಿಷಯದಲ್ಲಿ ಆಗಿದ್ದೂ ಅದೇ ಅಲ್ವಾ?

ಇಲ್ಲಿ ರಾಜ್ಯಗಳು ದೀರ್ಘಾವಧಿ ಪ್ಲಾನ್ ಮಾಡುವುದನ್ನು 1991ರ ಕೇಂದ್ರ ಕಾನೂನು ಕಡ್ಡಾಯ ಮಾಡಿತು. ಈಗಿನ ನಿಯಮದಂತೆ ಅದು ಕನಿಷ್ಠ 20 ವರ್ಷ ಮುಂದೆ ನೋಡಬೇಕು. ಅದರ ಕೆಳಗೆ 4 ವರ್ಷದ ಕಾಮಗಾರಿ ಪಟ್ಟಿ ಬರುತ್ತದೆ, ಅದರಲ್ಲಿ ದುಡ್ಡಿನ ಲೆಕ್ಕವೂ ಇರಬೇಕು. ದೊಡ್ಡ ಪ್ಲಾನಿನಲ್ಲಿ ನಿಮ್ಮ ಬೀದಿಯ ಹೆಸರು ಸಿಗುವುದು ಅಪರೂಪ. ಆದರೆ ಹೊಸ ರಸ್ತೆಗಿಂತ ಹಳೆ ಸೇತುವೆ ರಿಪೇರಿ ಮೊದಲು ಎಂದು ಅದರಲ್ಲಿ ಬರೆದರೆ, ಎಷ್ಟೋ ವರ್ಷದ ನಂತರ ಯಾವುದೋ ಊರಿನ ಬೈಪಾಸ್‌ಗೆ ದುಡ್ಡು ಸಿಗುವುದು ಕಷ್ಟವಾಗುತ್ತದೆ.

ಜನರನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಿನ್ನೆಸೋಟಾದ ರಾಜಧಾನಿ ಸೇಂಟ್ ಪಾಲ್ ನಗರದ ರೊಂಡೊ ಬಡಾವಣೆ ಸಾಕ್ಷಿ. ಅಲ್ಲಿ ಹೆಚ್ಚಾಗಿ ಇದ್ದವರು ಕಪ್ಪು ಜನಾಂಗದವರು. 1950 ಮತ್ತು 60ರ ದಶಕಗಳಲ್ಲಿ ಐ-94 ಹೆದ್ದಾರಿ ಅದನ್ನು ಸೀಳಿಕೊಂಡು ಹೋಯಿತು. ನೂರಾರು ಮನೆ, ಅಂಗಡಿಗಳು ನೆಲಸಮವಾದವು. ಉತ್ತರಕ್ಕೆ ರೈಲು ಹಳಿಗಳ ಪಕ್ಕದಲ್ಲಿ ಹೆದ್ದಾರಿ ಮಾಡಿ ಎಂದು ನಗರದ ಯೋಜಕ ಜಾರ್ಜ್ ಹೆರಾಲ್ಡ್ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2015ರಲ್ಲಿ ರಾಜ್ಯದ ಸಾರಿಗೆ ಕಮಿಷನರ್ ಬಹಿರಂಗವಾಗಿ ಕ್ಷಮೆ ಕೇಳಿದರು. ಹೋದ ಮನೆಗಳು ಮಾತ್ರ ಬರಲಿಲ್ಲ.

ಸಭೆಗೆ ಜನ ಬರುವುದಿಲ್ಲ ಎಂದು ದೂರುವ ಸಹೋದ್ಯೋಗಿಗಳಿಗೆ ನಾನು ಹೇಳುವುದಿಷ್ಟೇ: ನಾವೇ ಜನರಿರುವ ಕಡೆ ಹೋಗೋಣ. ಇಲ್ಲಿ ಬೇಸಿಗೆಯ ಕೊನೆಗೆ ನಡೆಯುವ ಸ್ಟೇಟ್ ಫೇರ್ ಇಡೀ ರಾಜ್ಯದ ಜಾತ್ರೆ. ಅಲ್ಲಿ ಸ್ಟಾಲ್ ಹಾಕಿದರೆ ಹಳ್ಳಿಯವರೂ ಸಿಗುತ್ತಾರೆ. ಸೊಮಾಲಿ, ಮೋಂಗ್, ಸ್ಪ್ಯಾನಿಷ್ ಮಾತಾಡುವ ಸಿಬ್ಬಂದಿ ಜೊತೆಗಿರಬೇಕು. ಪ್ರಶ್ನೆಯೂ ಸರಿಯಾಗಿರಬೇಕು. "ಸಾರಿಗೆಯ ಆದ್ಯತೆಗಳೇನು" ಎಂದರೆ ಜನ ಸುಮ್ನೆ ನಕ್ಕು ಮುಂದೆ ಹೋಗುತ್ತಾರೆ. "ನಿಮ್ಮ ಅಮ್ಮ ಡಾಕ್ಟರ ಹತ್ತಿರ ಹೇಗೆ ಹೋಗ್ತಾರೆ?" ಎಂದು ಕೇಳಿ ನೋಡಿ. ವಯಸ್ಸಾದ ಹೆಂಗಸೊಬ್ಬರು ನನಗೆ ಹೇಳಿದ್ದು: ಕಣ್ಣು ಮಂಜಾಗಿ ಕಾರ್ ಓಡಿಸುವುದು ಬಿಟ್ಟ ಮೇಲೆ, ಪ್ರತಿ ಸಲ ಮಗಳು ಕೆಲಸಕ್ಕೆ ರಜೆ ಹಾಕಬೇಕು. ಫೋನ್ ಮಾಡಿದರೆ ಮನೆ ಬಾಗಿಲಿಗೆ ಬರುವ ಬಸ್ ಸಣ್ಣ ಊರುಗಳಿಗೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಯಾವ ವರದಿಯಲ್ಲೂ ನನಗೆ ಕಂಡಿಲ್ಲ.

ಕೇಳಿದರೆ ಸಾಲದು. ಬಂದ ಮಾತನ್ನು ಪರಿಗಣಿಸಿ ಉತ್ತರ ಕೊಟ್ಟಿದ್ದೇವೆ ಎಂದು ತೋರಿಸುವುದನ್ನೂ ನಿಯಮ ಬಯಸುತ್ತದೆ. ಒಪ್ಪದಿದ್ದರೆ ಕಾರಣ ಬರೆಯಬೇಕು ಎನ್ನುತ್ತೇನೆ ನಾನು. ಅಲ್ಲೇ ನಾವು ಜಾಸ್ತಿ ಸೋಲುವುದು. "ಧನ್ಯವಾದ, ಗಮನಿಸಿದ್ದೇವೆ" ಎಂಬ ಉತ್ತರ ಪಡೆದವರು ಮತ್ತೆ ಏಕೆ ಬರುತ್ತಾರೆ?

ಅಮೆರಿಕದಲ್ಲಿರುವ ಕನ್ನಡಿಗರು ತಮ್ಮ ರಾಜ್ಯದ ಸಾರಿಗೆ ಇಲಾಖೆಗೆ ಫೋನ್ ಮಾಡಿ, ದೀರ್ಘಾವಧಿ ಪ್ಲಾನ್ ಮುಂದಿನ ಸಲ ಬದಲಾಗುವುದು ಯಾವಾಗ ಎಂದು ಕೇಳಿ. ಅಭಿಪ್ರಾಯ ಬರೆಯುವಾಗ ಊರು, ರಸ್ತೆ, ಹೊತ್ತು ಬರೆಯಿರಿ. "ಬಸ್ ಸರಿಯಿಲ್ಲ" ಎಂದರೆ ನಾವು ಏನೂ ಮಾಡಲಾಗದು. "ಸಂಜೆ ಆರರ ಮೇಲೆ ಆಸ್ಪತ್ರೆಯಿಂದ ವಾಪಸ್ ಬರಲು ಬಸ್ ಇಲ್ಲ" ಎಂದರೆ ಅದನ್ನು ಹಿಡಿದುಕೊಂಡು ಕೆಲಸ ಶುರು ಮಾಡಬಹುದು.