ಡಿಮೆನ್ಷಿಯಾ ಇರುವ ತಾಯಿಗೆ ದಿನವಿಡೀ ಏನು ಮಾಡಿಸಬೇಕು?

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಆಲ್ಜೈಮರ್ ಕಾಯಿಲೆಯಿಂದ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುವ ಸ್ಥಿತಿ) ಬಂದಿದೆಯೆಂದು ವೈದ್ಯರು ಹೇಳಿದ್ದಾರೆ. ದಿನವೆಲ್ಲ ಟಿ.ವಿ. ಮುಂದೆ ಸುಮ್ಮನೆ ಕುಳಿತಿರುತ್ತಾರೆ. ಮೆದುಳಿಗೆ ಕೆಲಸ ಕೊಡೋಣವೆಂದು ಪದಬಂಧ, ಲೆಕ್ಕ ಮಾಡಿಸಲು ಹೋದರೆ ಸಿಟ್ಟಾಗಿ ಎದ್ದುಹೋಗುತ್ತಾರೆ. ಅವರಿಗೆ ಯಾವ ಚಟುವಟಿಕೆ ಹೊಂದುತ್ತದೆ?

ಉತ್ತರ: ನಿಮ್ಮ ತಾಯಿಯವರು ಎದ್ದುಹೋಗುವುದನ್ನು ಹಟವೆಂದು ತಿಳಿಯಬೇಡಿ. ಪದಬಂಧಕ್ಕೂ ಲೆಕ್ಕಕ್ಕೂ ಸರಿಯುತ್ತರ ಒಂದೇ ಇರುವುದರಿಂದ ಅವು ಅವರಿಗೆ ಪರೀಕ್ಷೆಯಾಗಿ ಕಾಣುತ್ತವೆ. ಉತ್ತರ ಹೊಳೆಯದಿದ್ದಾಗ ಮಕ್ಕಳೆದುರೇ ತಮ್ಮ ಕೊರತೆ ಬಯಲಾಯಿತೆಂಬ ಸಂಕಟ ಸಿಟ್ಟಾಗಿ ಹೊರಬರುತ್ತದೆ. ಆದ್ದರಿಂದ ಸೋಲಲು ಅವಕಾಶವೇ ಇಲ್ಲದ, ಅವರ ಕೈಗೆ ಮೊದಲೇ ಗೊತ್ತಿರುವ ಕೆಲಸವನ್ನು ಕೊಡಿ.

ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಾನಿ ಮಾಡುವುದು ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸಿನ ಭಾಗಗಳಿಗೆ. ವರ್ಷಗಟ್ಟಲೆ ಮಾಡಿ ಕೈಗೆ ರೂಢಿಯಾದ ಕೆಲಸಗಳ ನೆನಪು ಮೆದುಳಿನ ಬೇರೆ ಭಾಗಗಳನ್ನು ಅವಲಂಬಿಸಿರುವುದರಿಂದ ಅದು ಬಹುಕಾಲ ಉಳಿಯುತ್ತದೆ. ಬೆಳಗ್ಗೆ ಏನು ತಿಂಡಿ ತಿಂದೆವೆಂದು ಹೇಳಲಾಗದವರು ಮಲ್ಲಿಗೆ ಮೊಗ್ಗನ್ನು ಬಿಗಿಯಾಗಿ ಕಟ್ಟಬಲ್ಲರು. ಅಮೆರಿಕದ ಮನೋವಿಜ್ಞಾನಿ ಕ್ಯಾಮರನ್ ಕ್ಯಾಂಪ್ ಅವರು ಮಕ್ಕಳ ಮಾಂಟೆಸ್ಸರಿ ಪದ್ಧತಿಯನ್ನು ಡಿಮೆನ್ಷಿಯಾ ಆರೈಕೆಗೆ ಹೊಂದಿಸಿದಾಗ, ಉಳಿದಿರುವ ಈ ಶಕ್ತಿಯನ್ನೇ ನೆಚ್ಚಿಕೊಂಡರು: ನಿಜವಾದ ವಸ್ತುಗಳನ್ನು ಕೈಗೆ ಕೊಡುವುದು, ಕೆಲಸವನ್ನು ಚಿಕ್ಕ ಹಂತಗಳಾಗಿ ಒಡೆಯುವುದು, ವಿವರಿಸುವುದಕ್ಕಿಂತ ಮಾಡಿ ತೋರಿಸುವುದು.

ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ಅವರೆಕಾಯಿಯ ಕಾಲದಲ್ಲಿ ಕಾಯಿ ಸುಲಿಯಲು ಕೊಡಿ. ನೆನೆಸಿದ ಕಾಳನ್ನು ಹೆಬ್ಬೆರಳಿನಿಂದ ಒತ್ತಿ ಸಿಪ್ಪೆ ಜಾರಿಸುವ ಹಿತಕಿದಬೇಳೆಯ ಕೆಲಸವಂತೂ ಬೆರಳಿಗೆ ವ್ಯಾಯಾಮವೂ ಹೌದು, ಮಾಡಿದ್ದು ಕಣ್ಣೆದುರು ಬಟ್ಟಲು ತುಂಬುವ ತೃಪ್ತಿಯೂ ಹೌದು. ಸೊಪ್ಪು ಬಿಡಿಸುವುದು, ಹತ್ತಿಯಿಂದ ಬತ್ತಿ ಹೊಸೆಯುವುದು, ಒಣಗಿದ ಬಟ್ಟೆ ಮಡಿಸುವುದು, ಅಕ್ಕಿ ಆರಿಸುವುದು ಇವೆಲ್ಲವೂ ಆಗಬಹುದು. "ಅಮ್ಮ, ಇಷ್ಟು ಕಾಯಿ ಸುಲಿಯೋದಿದೆ, ಸ್ವಲ್ಪ ಕೈ ಹಾಕ್ತೀಯಾ?" ಎಂದು ಕೇಳಿ, ನೀವೂ ಪಕ್ಕದಲ್ಲಿ ಕುಳಿತು ಆರಂಭಿಸಿ. ಮನೆಗೆ ತಾವಿನ್ನೂ ಬೇಕಾದವರು ಎಂಬ ಭಾವನೆ ಆ ಕೋರಿಕೆಯಿಂದಲೇ ಬರುತ್ತದೆ. ಸಿಪ್ಪೆಯೂ ಕಾಳೂ ಬೆರೆತುಹೋದರೆ ಅವರ ಮುಂದೆ ತಿದ್ದಬೇಡಿ. ಮಡಿಸಿದ ಬಟ್ಟೆ ಓರೆಯಾಗಿದ್ದರೂ ಹಾಗೆಯೇ ಎತ್ತಿಡಿ.

ಕಾಯಿಲೆ ಮುಂದುವರಿದಂತೆ ಅದೇ ಕೆಲಸವನ್ನು ಬಿಡದೆ ಸರಳಗೊಳಿಸುತ್ತಾ ಹೋಗಬೇಕು. ಮಾಲೆ ಕಟ್ಟುವುದು ಕಷ್ಟವಾದಾಗ, ನೀವು ಕಟ್ಟುತ್ತಿರುವಾಗ ಅವರು ಹೂಗಳನ್ನು ಜೋಡಿಸಿ ಕೊಡಲಿ. ಅದೂ ಆಗದಿದ್ದಾಗ ಮಡಿಲಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಪರಿಮಳ ಸವಿಯಲಿ. ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಕಂಡುಬಂದರೆ ಕಾಳು, ಗುಂಡಿ, ಮಣಿಗಳನ್ನು ಕೊಡಬೇಡಿ. ಈಳಿಗೆಮಣೆ, ಚಾಕುಗಳೂ ದೂರವಿರಲಿ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಹೆಂಗಸರೆಂದ ಮಾತ್ರಕ್ಕೆ ಎಲ್ಲರಿಗೂ ಅಡುಗೆಮನೆ ಇಷ್ಟವಾಗಿತ್ತೆಂದು ಭಾವಿಸಬಾರದು. ನಿಮ್ಮ ತಾಯಿಯವರು ಶಿಕ್ಷಕಿಯಾಗಿದ್ದರೆ ಸ್ಲೇಟು, ಬಳಪ, ಹಳೆಯ ಪಠ್ಯಪುಸ್ತಕ ಹೆಚ್ಚು ಹಿತವಾಗಬಹುದು. ಹೊಲಿಗೆ ಬಲ್ಲವರಾಗಿದ್ದರೆ ಬಟ್ಟೆಯ ತುಂಡುಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಬಹುದು. ಅವರು ಹಿಂದೆ ಯಾರಾಗಿದ್ದರು ಎಂಬುದನ್ನು ಮನೆಯವರಷ್ಟು ಬಲ್ಲವರು ಯಾರೂ ಇಲ್ಲ.

ಹಾಡುಗಳನ್ನು ಖಂಡಿತ ಬಳಸಿಕೊಳ್ಳಿ. ಬಾಲ್ಯದ ಕೊನೆಯಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳು ಹೆಚ್ಚು ಗಟ್ಟಿಯಾಗಿರುವುದರಿಂದ, ನಿಮ್ಮ ತಾಯಿಯವರಿಗೆ 1960 ಮತ್ತು 70ರ ದಶಕಗಳ ಚಿತ್ರಗೀತೆಗಳು, ಚಿಕ್ಕಂದಿನಲ್ಲಿ ಕೇಳಿದ ದೇವರನಾಮ, ಸೋಬಾನೆ ಪದ, ಭಜನೆಗಳು ಹತ್ತಿರವಾದಾವು. ಮಾತು ಕುಂದಿದವರೂ ಕೆಲವೊಮ್ಮೆ ಪಲ್ಲವಿಗೆ ದನಿಗೂಡಿಸುತ್ತಾರೆ. ಹಾಡಿದವರು ಯಾರೆಂದು ಕೇಳಬೇಡಿ, ನೀವೇ ಹಾಡಲು ಶುರುಮಾಡಿ. ಹಳೆಯ ಫೋಟೊ ನೋಡುವಾಗಲೂ "ಇದು ಯಾರು ಹೇಳು" ಎನ್ನುವುದಕ್ಕಿಂತ "ಚಿಕ್ಕಮ್ಮನ ಮದುವೆ, ಎಷ್ಟು ಜನ ಸೇರಿದ್ದಾರೆ ನೋಡು" ಎನ್ನುವುದು ಒಳ್ಳೆಯದು.

ಸಮಯದ ಬಗ್ಗೆ ಹೇಳುವುದಾದರೆ, ಒಂದು ಸಲಕ್ಕೆ ಹದಿನೈದು, ಇಪ್ಪತ್ತು ನಿಮಿಷ ಸಾಕು. ಡಿಮೆನ್ಷಿಯಾ ಇರುವ ಅನೇಕರಿಗೆ ಹೊತ್ತು ಇಳಿಯುತ್ತಿದ್ದಂತೆ ಚಡಪಡಿಕೆ ಹೆಚ್ಚುವುದರಿಂದ ಗಮನ ಬೇಡುವ ಕೆಲಸವನ್ನು ಬೆಳಗ್ಗೆ ಇಟ್ಟುಕೊಂಡು, ಸಂಜೆಗೆ ನಡಿಗೆ ಅಥವಾ ಹಾಡನ್ನು ಉಳಿಸಿಕೊಳ್ಳಿ. ಆರಂಭಿಸುವ ಮುನ್ನ ಕನ್ನಡಕ, ಶ್ರವಣಯಂತ್ರ ಹಾಕಿದ್ದಾರೆಯೇ ನೋಡಿ, ಟಿ.ವಿ. ಆಫ್ ಮಾಡಿ.

ಈ ಚಟುವಟಿಕೆಗಳು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಅಂಥ ಭರವಸೆ ಕೊಡುವವರನ್ನು ನಂಬಬೇಡಿ. ದಿನ ಹಿತವಾಗಿ ಕಳೆಯುವುದು, ಬೇಸರ ಮತ್ತು ಚಡಪಡಿಕೆ ತಗ್ಗುವುದೇ ದೊಡ್ಡ ಲಾಭ. ಸುಮ್ಮನೆ ಕೂರುವುದು ಈ ಕಾಯಿಲೆಯ ಲಕ್ಷಣವೇ ಆಗಿರಬಹುದು, ಖಿನ್ನತೆಯಿಂದಲೂ ಬಂದಿರಬಹುದು. ಇದನ್ನು ವೈದ್ಯರ ಬಳಿ ಪ್ರಸ್ತಾಪಿಸಿ. ಮೊನ್ನೆಯವರೆಗೆ ಲವಲವಿಕೆಯಿಂದ ಇದ್ದವರು ಒಂದೆರಡು ದಿನಗಳಲ್ಲಿ ತೀರಾ ಮಂಕಾದರೆ ಅಥವಾ ಗಲಿಬಿಲಿಗೊಂಡರೆ ಮೂತ್ರನಾಳದ ಸೋಂಕು, ನೋವು, ಮಲಬದ್ಧತೆ ಅಥವಾ ಹೊಸ ಔಷಧಿ ಕಾರಣವಾಗಿರಬಹುದಾದ್ದರಿಂದ, ಡಿಮೆನ್ಷಿಯಾ ಹೆಚ್ಚಾಯಿತೆಂದು ಕೈಕಟ್ಟಿ ಕೂರದೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.